ಕುದುರೆ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯವರಿಗೆ

ನಮ್ಮ ಕಡೆ ಎತ್ತು, ಎಮ್ಮೆ ಕಟ್ಟಿದ ಅನುಭವ ಮನೆಮನೆಗೂ ಇದೆ. ಕುದುರೆ ಕಟ್ಟಿದವರು ಕಡಿಮೆ. ಹಾಗಾಗಿ ಕುದುರೆ ಬಂದ ದಿನವೇ ಅದನ್ನು ಎತ್ತಿನ ಪಕ್ಕ ಕಟ್ಟುತ್ತಾರೆ, ಎತ್ತಿಗೆ ಹಾಕಿದ್ದನ್ನೇ ಹಾಕುತ್ತಾರೆ, ಎತ್ತಿನ ಔಷಧಿಯನ್ನೇ ಕುಡಿಸುತ್ತಾರೆ. ಮುಕ್ಕಾಲು ಪಾಲು ತೊಂದರೆ ಅಲ್ಲಿಂದಲೇ ಶುರು. ನಾನು ಡಾಕ್ಟರ್ ಅಲ್ಲ, ಕುದುರೆ ಸಾಕುವವನು. ವರಾತಿಗೆ (ಮದುವೆ ಮೆರವಣಿಗೆಗೆ) ಕುದುರೆ ಕಳಿಸುವವರು, ಟಾಂಗಾದವರು, ಶೋಕಿಗೆ ಹೊಸದಾಗಿ ತಂದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ದನವೂ ಹುಲ್ಲು ತಿನ್ನುತ್ತದೆ, ಕುದುರೆಯೂ ಹುಲ್ಲು ತಿನ್ನುತ್ತದೆ. ಅಂಥ ವ್ಯತ್ಯಾಸ ಏನು?

ದನಕ್ಕೆ ದೊಡ್ಡ ಹೊಟ್ಟೆ. ಬೆಳಿಗ್ಗೆ, ಸಂಜೆ ಎರಡು ಸಲ ಗಬಗಬನೆ ತಿಂದು, ಆಮೇಲೆ ಕೂತು ಮೆಲುಕು ಹಾಕುತ್ತದೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ಬಹಳ ಚಿಕ್ಕದು, ದೊಡ್ಡ ಕುದುರೆಗೂ 8ರಿಂದ 15 ಲೀಟರ್ ಅಷ್ಟೇ ಹಿಡಿಸುತ್ತದೆ. ಹುಲ್ಲು ನಿಜವಾಗಿ ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಹೀಗಾಗಿ ಅದು ಸ್ವಲ್ಪ ಸ್ವಲ್ಪವೇ, ದಿನವಿಡೀ ತಿನ್ನಬೇಕಾದ ಪ್ರಾಣಿ. ಬಯಲಿಗೆ ಬಿಟ್ಟರೆ ದಿನಕ್ಕೆ 16 ಗಂಟೆಯವರೆಗೂ ಮೇಯುತ್ತದೆ.

ಇನ್ನೊಂದು ವಿಷಯ. ಕುದುರೆಯ ಜಠರದಲ್ಲಿ ಆಮ್ಲ ಸದಾ ಊರುತ್ತಲೇ ಇರುತ್ತದೆ, ಆದರೆ ಬಾಯಲ್ಲಿ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಆಮ್ಲದ ಉರಿ ತಣಿಸುವುದು ಆ ಜೊಲ್ಲೇ. ಐದಾರು ಗಂಟೆ ಗೋದಲಿ ಖಾಲಿ ಇಟ್ಟರೆ ಜಠರದಲ್ಲಿ ಹುಣ್ಣಾಗುವ ಸಾಧ್ಯತೆ ಜಾಸ್ತಿ. ಬೆಳಿಗ್ಗೆ ಒಂದು ಹೊರೆ, ರಾತ್ರಿ ಒಂದು ಹೊರೆ ಅನ್ನುವ ಲೆಕ್ಕ ಎತ್ತಿಗೆ ಸರಿ, ಕುದುರೆಗೆ ಅಲ್ಲ. ಅದೇ ಮೇವನ್ನು ನಾಲ್ಕೈದು ಸಲ ಹಂಚಿ ಹಾಕಿ. ರಾತ್ರಿ ಮಲಗುವ ಮುಂಚೆ ಒಂದು ಸಲ ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾದದ್ದು: ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಕೆಟ್ಟದ್ದು ತಿಂದರೆ ದನ ಒಂದು ದಿನ ಮಂಕಾಗಿ ಮತ್ತೆ ಏಳಬಹುದು. ಕುದುರೆ ಅಷ್ಟರಲ್ಲಿ ಸತ್ತೇ ಹೋಗಬಹುದು.

ದಿನಕ್ಕೆ ಎಷ್ಟು ಮೇವು ಹಾಕಬೇಕು?

ಮೈತೂಕದ ನೂರಕ್ಕೆ ಎರಡರಷ್ಟು ಒಣ ಮೇವು ಅಂತ ಹಿಡಿಯಿರಿ. ಒಂದೂವರೆಗಿಂತ ಕಡಿಮೆ ಆಗಬಾರದು. ತೂಕ ನೋಡಲು ಕಾಟಾ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮುಂದಿನ ಮೂಳೆಯಿಂದ ಪುಟ್ಟದ (ಪೃಷ್ಠದ) ಹಿಂದಿನ ಮೂಳೆಯವರೆಗೆ ಉದ್ದ ತೆಗೆದುಕೊಳ್ಳಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಇದ್ದರೆ ಸುಮಾರು 265 ಕೆಜಿ. ಅಂಥ ಕುದುರೆಗೆ ದಿನಕ್ಕೆ ಐದು, ಐದೂವರೆ ಕೆಜಿ ಒಣ ಮೇವು ಬೇಕು. ಹಸಿ ಹುಲ್ಲಾದರೆ ನೀರಿನ ತೂಕವೂ ಸೇರಿರುವುದರಿಂದ ಮೂರು ನಾಲ್ಕು ಪಟ್ಟು ಬೇಕಾಗುತ್ತದೆ. ಮರಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಕಾಳಿನ ವಿಷಯದಲ್ಲಿ ನಮ್ಮವರ ಕೈ ತುಸು ಧಾರಾಳ. ಹುರುಳಿ, ಕಡಲೆ ಕೊಡಿ, ತಪ್ಪಿಲ್ಲ, ಆದರೆ ನೆನೆಸಿ ಅಥವಾ ಬೇಯಿಸಿ ಕೊಡಿ. ಒಂದು ಹೊತ್ತಿಗೆ ಒಂದು ಕೆಜಿ ದಾಟಬೇಡಿ. ಕೆಲಸವಿಲ್ಲದೆ ಕಟ್ಟಿದ ಜಾಗದಲ್ಲೇ ನಿಂತ ಕುದುರೆಗೆ ಕಾಳು ಬೇಕಾಗುವುದೇ ಇಲ್ಲ. ಮೇವು ಬದಲಿಸುವುದಿದ್ದರೆ ಹತ್ತು ದಿನ ತೆಗೆದುಕೊಂಡು, ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ ಬದಲಿಸಿ.

ಜೋಳದ ಕಣಿಕೆ, ಕಬ್ಬಿನ ಸೋಗೆ, ನೇಪಿಯರ್ ಹುಲ್ಲು ಹಾಕಬಹುದಾ?

ನಮ್ಮ ಭಾಗದಲ್ಲಿ ಸಿಗುವುದೇ ಇವು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಒಣ ಕಣಿಕೆ ಆಗುತ್ತದೆ. ಮಂಗಳವೇಢೆ ಕಡೆಯ ಹಿಂಗಾರಿ ಜೋಳದ ಕಣಿಕೆ ಒಳ್ಳೆಯ ಮೇವು. ಸಣ್ಣಗೆ ಕತ್ತರಿಸಿ, ದೂಳು ಕೊಡವಿ, ನೀರು ಚಿಮುಕಿಸಿ ಹಾಕಿ. ಕಪ್ಪು ಬೂಜು ಹಿಡಿದ ಕಟ್ಟು ಇದ್ದರೆ ಎಸೆಯಿರಿ. ಎತ್ತಿಗೂ ಅದು ಬೇಡ, ಕುದುರೆಗಂತೂ ಬೇಡವೇ ಬೇಡ. ಬೂಜಿನ ದೂಳಿನಿಂದ ಕುದುರೆಗೆ ಹತ್ತುವ ದಮ್ಮು ಪೂರ್ತಿ ಬಿಡುವುದು ಕಷ್ಟ.

ಹಸಿ ಜೋಳ ಬೇಡ. ಎಳೆಯ ಜೋಳ, ಮಳೆ ಇಲ್ಲದೆ ಬಾಡಿದ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ, ಇವುಗಳಲ್ಲಿ ಸೈನೈಡ್ ವಿಷ ಇರುತ್ತದೆ. ದನದ ವಿಷಯದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತೇ. ಕುದುರೆಗೆ ಇದರ ಜೊತೆ ಇನ್ನೊಂದು ಕಾಟ ಇದೆ. ವಾರಗಟ್ಟಲೆ ಹಸಿ ಜೋಳದಲ್ಲಿ ಮೇಯಿಸಿದರೆ ಹಿಂಗಾಲು ತಡವರಿಸುತ್ತವೆ, ಮೂತ್ರ ಹನಿಹನಿಯಾಗಿ ಸೋರುತ್ತದೆ. ಒಂದು ಸಲ ನರಕ್ಕೆ ಪೆಟ್ಟು ಬಿದ್ದರೆ ಪೂರ್ತಿ ಗುಣವಾಗುವುದು ಅಪರೂಪ.

ನೇಪಿಯರ್, ಸೋಗೆ ಎರಡರಲ್ಲೂ ಆಕ್ಸಲೇಟ್ ಜಾಸ್ತಿ. ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಎಮ್ಮೆಯ ಹೊಟ್ಟೆಯಲ್ಲಿ ಆಕ್ಸಲೇಟನ್ನು ಒಡೆಯುವ ಸೂಕ್ಷ್ಮಜೀವಿಗಳಿವೆ, ಅದು ಹೇಗೋ ನಿಭಾಯಿಸುತ್ತದೆ. ಕುದುರೆಗೆ ತಿಂಗಳುಗಟ್ಟಲೆ ಇದೇ ಆದರೆ ಮೈ ತನ್ನ ಎಲುಬಿನಿಂದಲೇ ಸುಣ್ಣ ತೆಗೆಯುತ್ತದೆ. ಮುಖದ ಎಲುಬು ಉಬ್ಬುತ್ತದೆ, ಕುಂಟು ಕಾಲು ಬದಲಿಸುತ್ತಾ ಹೋಗುತ್ತದೆ. ಸ್ವಲ್ಪ ಹಾಕಿ, ಜೊತೆಗೆ ಕುದುರೆ ಮೆಂತ್ಯ ಕೊಡಿ. ನಮ್ಮ ಕಡೆ ಲಸೂಣ್ ಘಾಸ್ ಅಂತ ಮಾರುತ್ತಾರಲ್ಲ, ಅದೇ. ಅದರಲ್ಲಿ ಸುಣ್ಣದಂಶ ಚೆನ್ನಾಗಿದೆ. ಗೋಧಿ ಬೂಸಾ ಒಂದನ್ನೇ ಬಕೆಟ್ ತುಂಬಾ ಕೊಟ್ಟರೂ ಎಲುಬಿಗೆ ಇದೇ ಗತಿ, ಅದರಲ್ಲಿ ರಂಜಕ ಜಾಸ್ತಿ, ಸುಣ್ಣ ಕಡಿಮೆ.

ಮನೆಯಲ್ಲಿ ದನದ ಫೀಡು, ಕೋಳಿ ಫೀಡು ಇದೆ. ಉಳಿದದ್ದು ಹಾಕಿದರೆ ಏನಾಗುತ್ತದೆ?

ಕೋಳಿ ಫೀಡಿನಲ್ಲಿ, ಕೆಲವು ದನದ ಫೀಡಿನಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಒಳ್ಳೆಯದು. ಕುದುರೆಗೆ ಚೂರು ಸೇರಿದರೂ ಹೃದಯದ ಸ್ನಾಯು ಸಾಯುತ್ತದೆ. ಇದಕ್ಕೆ ಮದ್ದಿಲ್ಲ. ಫೀಡಿನ ಚೀಲವನ್ನು ಕುದುರೆಯ ಬಾಯಿಗೆ ಎಟುಕದ ಕಡೆ ಇಡಿ.

ಹೊಲದ ಬದುವಿನಲ್ಲೂ ಕಣ್ಣಿರಲಿ. ಕಣಗಿಲೆ ಎಲೆ ಹಸಿ ಇರಲಿ, ಒಣ ಇರಲಿ, ಒಂದು ಹಿಡಿ ಸಾಕು ಜೀವ ತೆಗೆಯಲು. ಔಡಲ ಬೀಜವೂ ಹಾಗೆಯೇ. ಗುಡಿಯ ಮುಂದೆ ಚೆಂದಕ್ಕೆ ನೆಟ್ಟ ಕಣಗಿಲೆ ಗಿಡಕ್ಕೆ ಕುದುರೆ ಕಟ್ಟುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ.

ಓಡಿ ಬಂದ ಕುದುರೆಗೆ ತಕ್ಷಣ ನೀರು ಕೊಡಬಾರದು ಅಂತಾರೆ. ನಿಜವಾ?

ಹಳೆಯ ನಂಬಿಕೆ. ಬೆವರಿದ ಕುದುರೆಗೆ ನೀರು ತಡೆದರೆ ಕೆಡುಕೇ ಹೆಚ್ಚು. ಕುಡಿಯಲು ಬಿಡಿ, ಮೈಮೇಲೂ ಸುರಿಯಿರಿ, ಸುರಿಯುತ್ತಲೇ ಇರಿ. ತಣ್ಣೀರು ಹಾಕಿದರೆ ಸ್ನಾಯು ಸೆಟೆಯುತ್ತದೆ ಅನ್ನುವುದೂ ನಿಜವಲ್ಲ.

ಕೆಲಸವಿಲ್ಲದ ಕುದುರೆ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಕೆಲಸವೂ ಇದ್ದರೆ ಅದಕ್ಕೆ ಎರಡು ಪಟ್ಟು. ಕುದುರೆಯ ಬೆವರಿನಲ್ಲಿ ಉಪ್ಪಿನಂಶ ನಮ್ಮ ಬೆವರಿಗಿಂತ ಬಹಳ ಜಾಸ್ತಿ. ದಿನಕ್ಕೆ 25–30 ಗ್ರಾಂ ಅಡುಗೆ ಉಪ್ಪನ್ನು ಮೇವಿನಲ್ಲಿ ಬೆರೆಸಿ. ಬಿಸಿಲಲ್ಲಿ ದುಡಿದರೂ ಮೈ ಬೆವರದೆ ಒಣಗಿದ್ದು, ಏದುಸಿರು ಮಾತ್ರ ಇದ್ದರೆ ಅದು ಗಟ್ಟಿ ಕುದುರೆಯ ಗುರುತಲ್ಲ. ಬೆವರುವ ಶಕ್ತಿಯೇ ನಿಂತಿರಬಹುದು. ಕೂಡಲೇ ನೆರಳಿಗೆ ತನ್ನಿ.

ಟಾಂಗಾ, ಹೇರಿನ ಕುದುರೆಗೆ ಬಿಸಿಲಿನ ಕಾನೂನು ಇದೆಯಾ?

ಇದೆ. 1965ರ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ನಿಯಮದಂತೆ, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಅವನ್ನು ದುಡಿಸುವಂತಿಲ್ಲ. ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರುವಂತಿಲ್ಲ. ಮುಳ್ಳಿನ ಕಡಿವಾಣವೂ ಅದೇ ನಿಯಮದಲ್ಲಿ ನಿಷಿದ್ಧ. ಸೊಲ್ಲಾಪುರದಲ್ಲಿ ಬೇಸಿಗೆ ಪೂರ್ತಿ 37ರ ಮೇಲೆಯೇ ಅಲ್ವಾ, ಲೆಕ್ಕ ನೀವೇ ಹಾಕಿ.

ಕುದುರೆಯ ಮನಸ್ಸು ಹೇಗೆ ತಿಳಿಯುವುದು?

ಮೊದಲು ಕಿವಿ. ಕಿವಿ ಎತ್ತ ತಿರುಗಿದೆಯೋ ಗಮನ ಅತ್ತ. ಎರಡೂ ಮುಂದೆ ನಿಮಿರಿದ್ದರೆ ಏನೋ ನೋಡುತ್ತಿದೆ. ಸಡಿಲವಾಗಿ ಪಕ್ಕಕ್ಕೆ ಜೋತಿದ್ದರೆ ತೂಕಡಿಕೆ. ಕತ್ತಿಗೆ ಅಂಟುವಂತೆ ಹಿಂದಕ್ಕೆ ಮಡಚಿ, ಮೂಗಿನ ಮೇಲೆ ಸುಕ್ಕು ಕಟ್ಟಿದರೆ ನೀವು ದೂರ ಸರಿಯುವ ಹೊತ್ತು. ಮಾರ್ವಾಡಿ ಕುದುರೆಯ ಕಿವಿತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ, ಆದರೂ ಬುಡ ಎತ್ತ ತಿರುಗಿದೆ ಅಂತ ನೋಡಿದರೆ ಗೊತ್ತಾಗುತ್ತದೆ.

ಬಾಲ ಚಟಚಟ ಬೀಸುವುದು ಯಾವಾಗಲೂ ನೊಣಕ್ಕಲ್ಲ. ಜೀನು ಬಿಗಿಯುವಾಗ ಮಾತ್ರ ಬೀಸುತ್ತಿದ್ದರೆ ಜೀನಿನ ಕೆಳಗೆ ಕೈಯಾಡಿಸಿ ನೋಡಿ, ಬೆನ್ನಿನಲ್ಲಿ ಎಲ್ಲೋ ನೋವಿದೆ. ಮೇಲ್ದುಟಿ ಎತ್ತಿ ಹಲ್ಲು ತೋರಿಸಿದರೆ ನಗುತ್ತಿದೆ ಅಂತ ಮೊಬೈಲ್ ಹಿಡಿಯುತ್ತಾರೆ. ಅದು ವಾಸನೆ ಹಿಡಿಯುವ ರೀತಿ. ಆದರೆ ಪದೇ ಪದೇ ಮಾಡುತ್ತಾ ಮೇವು ಬಿಟ್ಟರೆ ಹೊಟ್ಟೆನೋವಿರಬಹುದು.

ನೋವು ಮುಚ್ಚಿಡುವುದು ಕುದುರೆಯ ಹುಟ್ಟುಗುಣ. ಬಯಲಿನಲ್ಲಿ ಕುಂಟುವ ಕುದುರೆಯೇ ಮೊದಲು ತೋಳದ ಬಾಯಿಗೆ ಬೀಳುವುದು. ಹಾಗಾಗಿ ಅದು ಬಾಯಿಬಿಟ್ಟು ಒದ್ದಾಡುವ ಹೊತ್ತಿಗೆ ನೋವು ಮಿತಿ ಮೀರಿರುತ್ತದೆ. ಕಣ್ಣಿನ ಮೇಲೆ ಬಿಗಿದ ಸುಕ್ಕು, ಕಲ್ಲಾದ ಗದ್ದ, ಬಿಗಿದುಕೊಂಡ ಮೂಗಿನ ಹೊಳ್ಳೆ, ಗುಂಪಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಲ್ಲುವುದು: ಇಷ್ಟು ಸಣ್ಣ ಗುರುತುಗಳಲ್ಲೇ ಹಿಡಿಯಬೇಕು.

ನಮ್ಮ ಕುದುರೆ ಒದೆಯುತ್ತದೆ. ಏನು ಮಾಡಲಿ?

ಮೊದಲು, ನೀವು ಎಲ್ಲಿಂದ ಹತ್ತಿರ ಹೋಗುತ್ತೀರಿ ಅಂತ ಹೇಳಿ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿವೆ. ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ಬಾಲದ ನೇರ ಹಿಂದೆ, ಮತ್ತೆ ಹಣೆಯ ನೇರ ಮುಂದೆ. ಹಿಂದಿನಿಂದ ಸದ್ದಿಲ್ಲದೆ ಬಂದು ಪುಟ್ಟದ ಮೇಲೆ ಕೈ ಇಟ್ಟರೆ ಅದಕ್ಕೆ ನೀವು ಯಾರೆಂದು ಗೊತ್ತಿಲ್ಲ. ಒದ್ದು, ಆಮೇಲೆ ನೋಡುತ್ತದೆ. ಭುಜದ ಕಡೆಯಿಂದ ಮಾತಾಡುತ್ತಾ ಹೋಗಿ. ಹಿಂದೆ ದಾಟಲೇಬೇಕಿದ್ದರೆ ಕೈಯನ್ನು ಮೈಮೇಲೆ ಇಟ್ಟುಕೊಂಡೇ ಮೈಗೆ ಅಂಟಿಕೊಂಡು ದಾಟಿ, ಇಲ್ಲವೇ ಮೂರು ಮೀಟರ್ ದೂರದಿಂದ.

ಇದೆಲ್ಲ ಸರಿಯಿದ್ದೂ ಒದೆಯುತ್ತಿದ್ದರೆ ನೋವು ಹುಡುಕಿ. ಹಗಲೂರಾತ್ರಿ ಅಗಾಡಿ-ಪಿಛಾಡಿ (ಮುಂದೆ, ಹಿಂದೆ ಹಗ್ಗ) ಹಾಕಿ ಕಟ್ಟಿದ ಕುದುರೆಯೂ ಒದೆಯುತ್ತದೆ. ಬಿಗಿದ ಹಗ್ಗದಿಂದ ಕಾಲಿನ ಗಂಟಿನ ಕೆಳಗೆ ಹುಣ್ಣಾಗಿರುತ್ತದೆ, ಮೇಲಿನಿಂದ ಕೂದಲು ಮುಚ್ಚಿರುತ್ತದೆ. ಹೊಡೆದರೆ ಬಿಡುತ್ತದೆ ಅನ್ನುವವರ ಮಾತು ಕೇಳಬೇಡಿ. ಹೊಡೆದ ಕೈಯನ್ನು ಅದು ನೆನಪಿಟ್ಟುಕೊಳ್ಳುತ್ತದೆ, ತಪ್ಪನ್ನಲ್ಲ.

ವರಾತಿನಲ್ಲಿ ಡೀಜೆ ಸದ್ದಿಗೆ ಕುದುರೆ ಹಾರುತ್ತದೆ. ಅಭ್ಯಾಸ ಮಾಡಿಸಬಹುದಾ?

ಜನಜಂಗುಳಿಗೆ ಅಭ್ಯಾಸ ಮಾಡಿಸಬಹುದು. ಪಂಢರಪುರದ ವಾರಿಯ (ಪಾದಯಾತ್ರೆಯ) ರಿಂಗಣ, ಅಂದರೆ ಕುದುರೆಯ ಸುತ್ತೋಟ, ನೋಡಿಲ್ವಾ? ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರದಾರರ ಮನೆಯ ಕುದುರೆಗಳು ಪ್ರತಿವರ್ಷ ಆಳಂದಿಗೆ ನಡೆದು ಹೋಗಿ ಜ್ಞಾನೇಶ್ವರ ಮಾವುಲಿಯ ಪಾಲಕಿ ಸೇರಿಕೊಳ್ಳುತ್ತವೆ. ನಮ್ಮ ಕನ್ನಡದ ನೆಲದ ಕುದುರೆಗಳು! ತಾಳ, ಮೃದಂಗ, ಸಾವಿರಾರು ಜನರ ಕೂಗಿನ ನಡುವೆ, ಮೇಲೆ ಸವಾರನೇ ಇಲ್ಲದ ಕುದುರೆ ಸುತ್ತು ಓಡುತ್ತದೆ. ದಿನಗಟ್ಟಲೆ ಅದೇ ಜನರ ಜೊತೆ, ಅದೇ ಸದ್ದಿನಲ್ಲಿ ನಡೆದು ಬಂದಿರುತ್ತವೆ. ಓಡಲು ಜಾಗವೂ ಇರುತ್ತದೆ.

ವರಾತಿನಲ್ಲಿ ಜಾಗವೂ ಇಲ್ಲ, ಸಮಯವೂ ಇಲ್ಲ. ಕುದುರೆ ಹೆದರಿದರೆ ಮೊದಲು ಓಡಲು ನೋಡುತ್ತದೆ, ದಾರಿ ಇಲ್ಲದಾಗಲೇ ಹಾರುವುದು, ಒದೆಯುವುದು. ನಮಗೆ ಕೇಳುವುದು 20 ಸಾವಿರ ಹರ್ಟ್ಸ್‌ವರೆಗೆ, ಅದಕ್ಕೆ 33 ಸಾವಿರದವರೆಗೂ ಕೇಳುತ್ತದೆ. ಮನೆಯಲ್ಲಿ ಮೇವು ತಿನ್ನುವಾಗ ದೂರದಲ್ಲಿ ಸಣ್ಣಗೆ ಹಲಗೆ ಬಾರಿಸಿ, ವಾರವಾರ ಹತ್ತಿರ ತನ್ನಿ. ಮೇವು ಬಿಟ್ಟು ತಲೆ ಎತ್ತಿದರೆ ಅವಸರವಾಯಿತು ಅಂತ ತಿಳಿದು ಹಿಂದೆ ಸರಿಯಿರಿ. ಬಾಡಿಗೆ ಮಾತಾಡುವಾಗಲೇ ಷರತ್ತು ಹಾಕಿ: ಸ್ಪೀಕರಿನಿಂದ ದೂರ, ಪಟಾಕಿ ಇಲ್ಲ, ಮದುಮಗನ ಜೊತೆ ಇನ್ನೆರಡು ಮಕ್ಕಳನ್ನು ಹತ್ತಿಸುವಂತಿಲ್ಲ. ಒಪ್ಪದಿದ್ದರೆ ಆ ಬಾಡಿಗೆ ಬಿಡಿ.

ನಿಂತೇ ನಿದ್ದೆ ಮಾಡುತ್ತದಂತೆ. ಹಾಗಾದರೆ ಮಲಗಲು ಜಾಗ ಯಾಕೆ?

ನಿಂತು ತೂಕಡಿಸುತ್ತದೆ. ಕಾಲಿನ ಕೀಲುಗಳು ತಾವೇ ಲಾಕ್ ಆಗುವುದರಿಂದ ಬೀಳುವುದಿಲ್ಲ. ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ದಿನಕ್ಕೆ ಅರ್ಧದಿಂದ ಒಂದು ಗಂಟೆ. ಜಾಗ ಇಕ್ಕಟ್ಟಾಗಿದ್ದರೆ, ನೆಲ ಒದ್ದೆಯಿದ್ದರೆ ಅಥವಾ ಭಯವಿದ್ದರೆ ಮಲಗುವುದಿಲ್ಲ. ಹಾಗೆ ದಿನಗಳು ಕಳೆದರೆ ನಿಂತಲ್ಲೇ ಮೊಣಕಾಲು ಕುಸಿದು ಮುಗ್ಗರಿಸುತ್ತದೆ, ಮುಂಗಾಲಿನ ಮುಂದೆ ತರಚು ಗಾಯ ಕಾಣುತ್ತದೆ.

ಗೂಟ ಕಚ್ಚುತ್ತದೆ, ನಿಂತಲ್ಲೇ ಅತ್ತಿತ್ತ ತೂಗುತ್ತದೆ. ಕೆಟ್ಟ ಚಟವಾ?

ಬೇಸರ, ಹಸಿವು, ಒಂಟಿತನ. ಗುಂಪಿನಲ್ಲಿ ಬಾಳುವ ಪ್ರಾಣಿ ಅದು. ಇನ್ನೊಂದು ಕುದುರೆ ಇಲ್ಲದಿದ್ದರೆ ಒಂದು ಆಡಾದರೂ ಜೊತೆಗಿರಲಿ. ಮೇವು ಹೆಚ್ಚು ಹೊತ್ತು ಸಿಗಲಿ, ದಿನಾ ಬಿಚ್ಚಿ ಅಡ್ಡಾಡಿಸಿ. ಕತ್ತಿಗೆ ಪಟ್ಟಿ ಬಿಗಿದು ಕಚ್ಚುವುದನ್ನು ತಡೆಯಬಹುದು, ಆದರೆ ಕಾರಣ ಅಲ್ಲೇ ಇರುತ್ತದೆ.

ಹೊಟ್ಟೆನೋವು ಬಂದರೆ ಮೊದಲು ಏನು ಮಾಡಬೇಕು?

ಈ ಪುಟದಲ್ಲಿ ಒಂದನ್ನೇ ಓದುವುದಿದ್ದರೆ ಇದನ್ನು ಓದಿ. ಕುದುರೆಯ ಜೀವ ತೆಗೆಯುವುದರಲ್ಲಿ ಹೊಟ್ಟೆನೋವೇ ಮುಂದು.

ಗುರುತು: ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಹೊಟ್ಟೆ ನೋಡುವುದು, ಹಿಂಗಾಲಿನಿಂದ ಹೊಟ್ಟೆಗೆ ಒದೆಯುವುದು, ಮಲಗಿ ಏಳುವುದು, ಹೊರಳಾಡುವುದು, ಬೆವರು, ಲದ್ದಿ ನಿಲ್ಲುವುದು.

ಮೇವು ತೆಗೆಯಿರಿ. ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವವರೆಗೆ ನಾಡಿ ಎಣಿಸಿ. ದವಡೆಯ ಕೆಳ ಅಂಚಿನ ಒಳಭಾಗದಲ್ಲಿ ಬೆರಳಿಟ್ಟರೆ ರಕ್ತನಾಳ ಸಿಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಆರೋಗ್ಯವಂತ ಕುದುರೆಗೆ ನಿಮಿಷಕ್ಕೆ 28ರಿಂದ 44. 60 ದಾಟಿದರೆ ಗಂಭೀರ. ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ. ಒಸಡನ್ನು ಬೆರಳಿನಿಂದ ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಪಕ್ಕೆಗೆ ಕಿವಿಯಿಟ್ಟರೆ ಗುಳುಗುಳು ಸದ್ದು ಕೇಳಬೇಕು. ಎರಡೂ ಪಕ್ಕೆ ಮೌನವಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಇವನ್ನೆಲ್ಲ ಆರೋಗ್ಯವಾಗಿದ್ದಾಗಲೇ ಒಮ್ಮೆ ಎಣಿಸಿ ಗೋಡೆಯ ಮೇಲೆ ಬರೆದಿಟ್ಟರೆ ಹೋಲಿಸಲು ಸುಲಭ.

ಹೊರಳಾಡಲು ನೋಡುತ್ತಿದ್ದರೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಸಿ. ರಾತ್ರಿಯೆಲ್ಲ ಓಡಿಸಬೇಡಿ. ಸುಮ್ಮನೆ ಮಲಗಿದ್ದರೆ ಮಲಗಲಿ.

ಈಗ ಮುಖ್ಯ ಮಾತು. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಸೋಡಾ, ಓಂಕಾಳಿನ ಕಷಾಯ ಏನನ್ನೂ ಕುಡಿಸಬೇಡಿ. ತಲೆ ಎತ್ತಿ ಹಿಡಿದು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆನೋವು ವಾಸಿಯಾದರೂ ನ್ಯುಮೋನಿಯಾದಿಂದ ಕುದುರೆ ಸಾಯುತ್ತದೆ. ಎಣ್ಣೆ ಬೇಕೇ ಅಂತ ನೋಡಿ ಡಾಕ್ಟರೇ ಮೂಗಿನಿಂದ ನಳಿಕೆ ಇಳಿಸಿ ಕೊಡುತ್ತಾರೆ. ಮೇವು, ಜೊಲ್ಲು ಮೂಗಿನಿಂದ ಬರುತ್ತಿದ್ದರೆ ಅದು ಗಂಟಲಲ್ಲಿ ಮೇವು ಸಿಕ್ಕಿಕೊಂಡದ್ದು. ಆಗ ನೀರನ್ನೂ ಇಡಬೇಡಿ.

ಸರಕಾರಿ ಪಶು ದವಾಖಾನೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ. ಅದು ಸಂಚಾರಿ ಪಶು ವೈದ್ಯಕೀಯ ಗಾಡಿಯ ಟೋಲ್‌ಫ್ರೀ ನಂಬರು.

ಗ್ಲ್ಯಾಂಡರ್ಸ್ ಅಂದರೆ ಏನು? ಯಾಕೆ ಎಲ್ಲರೂ ಹೆದರುತ್ತಾರೆ?

ಕುದುರೆ, ಕತ್ತೆ, ಹೇಸರಗತ್ತೆಗೆ ಬರುವ ಬ್ಯಾಕ್ಟೀರಿಯಾ ರೋಗ. ಮನುಷ್ಯರಿಗೂ ಹತ್ತುತ್ತದೆ, ಜೀವಕ್ಕೂ ಅಪಾಯ. ಜ್ವರ, ಮೂಗಿನಿಂದ ಗಟ್ಟಿ ಅಂಟು ಕೀವು, ಮೂಗಿನೊಳಗೆ ಹುಣ್ಣು, ಕಾಲು ಮತ್ತು ಹೊಟ್ಟೆಯ ಚರ್ಮದ ಮೇಲೆ ಸಾಲಾಗಿ ಗಂಟು, ಗಂಟು ಒಡೆದು ಕೀವು. ಲಸಿಕೆ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆಯ ಪ್ರಕಾರ ಅನುಮಾನ ಬಂದರೆ ಇಲಾಖೆಗೆ ತಿಳಿಸಲೇಬೇಕು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ರೋಗ ಖಚಿತವಾದರೆ ಕುದುರೆಯನ್ನು ದಯಾಮರಣದಿಂದ ಕೊಲ್ಲುತ್ತಾರೆ, ಪರಿಹಾರ ಕೊಡುತ್ತಾರೆ. ಕಷ್ಟದ ಮಾತು, ಗೊತ್ತು. ಆದರೆ ಮುಚ್ಚಿಟ್ಟು ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರುವವರಿಂದಲೇ ಅದು ಊರೂರು ಸುತ್ತುವುದು. ಸಂತೆಯಲ್ಲಿ ಎಲ್ಲರ ಕುದುರೆಯೂ ಕುಡಿಯುವ ತೊಟ್ಟಿಯಲ್ಲಿ ನಿಮ್ಮದಕ್ಕೆ ಕುಡಿಸಬೇಡಿ, ಬಕೆಟ್ ಒಯ್ಯಿರಿ. ಹೊಸ ಕುದುರೆಯನ್ನು ಮೂರು ವಾರ ಬೇರೆ ಕಟ್ಟಿ.

ಚೆನ್ನಾಗಿ ತಿಂದರೂ ಸೊರಗುತ್ತಿದೆ. ಜ್ವರ ಬಂದು ಹೋಗುತ್ತದೆ. ಏನಿರಬಹುದು?

ಸರ್ರಾ ಇರಬಹುದು. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ದೊಡ್ಡ ಕಚ್ಚುವ ನೊಣಗಳಿಂದ ಹರಡುವ ರಕ್ತದ ಪರಾವಲಂಬಿ. ಎಮ್ಮೆ, ದನದ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ, ಪಕ್ಕದಲ್ಲಿ ಕಟ್ಟಿದ ಕುದುರೆಯನ್ನು ಕೆಡವುತ್ತದೆ. ಹೊಟ್ಟೆಯ ಕೆಳಗೆ, ಕಾಲಿನಲ್ಲಿ ನೀರು ತುಂಬಿದ ಊತ, ಬಿಳಿಚಿದ ಒಸಡು ಇದರ ಗುರುತು. ರಕ್ತ ಪರೀಕ್ಷೆ ಮಾಡಿಸಿ. ಚಿಕಿತ್ಸೆ ಇದೆ, ಆದರೆ ಔಷಧಿಯ ಅಳತೆ ತಪ್ಪಿದರೆ ಅದೇ ವಿಷ. ದನಕ್ಕೆ ಹಾಕುವ ಇಂಜೆಕ್ಷನ್ ಉಳಿದಿದೆ ಅಂತ ಚುಚ್ಚಬೇಡಿ. ಜಂತುಹುಳವಾದರೂ ಸೊರಗುತ್ತದೆ, ಒಂದು ಮುಷ್ಟಿ ತಾಜಾ ಲದ್ದಿಯನ್ನೂ ದವಾಖಾನೆಗೆ ಒಯ್ಯಿರಿ.

ಯಾವ ಲಸಿಕೆ ಬೇಕೇ ಬೇಕು?

ಧನುರ್ವಾಯು. ಸಾಕುಪ್ರಾಣಿಗಳಲ್ಲಿ ಅದಕ್ಕೆ ಅತಿ ಸುಲಭವಾಗಿ ಬಲಿಯಾಗುವುದು ಕುದುರೆ. ಲಾಳದ ಒಂದು ಮೊಳೆ ಸಾಕು. ಮೊದಲು 4–6 ವಾರ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಬೀದಿನಾಯಿ ಇರುವ ಊರಲ್ಲಿ ರೇಬಿಸ್ ಲಸಿಕೆಯೂ ಬೇಕು. ಉಳಿದವನ್ನು ಡಾಕ್ಟರ್ ಹೇಳಿದಂತೆ.

ಲಾಳ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

6ರಿಂದ 8 ವಾರಕ್ಕೊಮ್ಮೆ. ಲಾಳ ಸವೆದಿಲ್ಲ ಅಂತ ಬಿಡುತ್ತಾರೆ, ಆದರೆ ಕೆಳಗೆ ಗೊರಸು ಬೆಳೆಯುತ್ತಲೇ ಇರುತ್ತದೆ. ಮುಂದೆ ಉದ್ದವಾದಷ್ಟೂ ಕಾಲಿನ ಹಿಂದಿನ ಸ್ನಾಯುರಜ್ಜುವಿನ (ಟೆಂಡನ್) ಮೇಲೆ ಎಳೆತ ಬೀಳುತ್ತದೆ. ಎತ್ತಿಗೆ ಲಾಳ ಕಟ್ಟುವವರೆಲ್ಲ ಕುದುರೆಗೆ ಕಟ್ಟಲಾರರು. ಎತ್ತಿನದು ಸೀಳು ಗೊರಸು, ಕುದುರೆಯದು ಒಂದೇ. ಎತ್ತಿನಂತೆ ಕೆಡವಿ ಕಟ್ಟುವ ರೂಢಿಯೂ ಇದಕ್ಕೆ ಬೇಡ. ಕುದುರೆಗೆ ಲಾಳ ಕಟ್ಟುವ ನಾಲಬಂದರು ಈಗ ಕಡಿಮೆ, ಒಳ್ಳೆಯವರು ಸಿಕ್ಕರೆ ಬಿಡಬೇಡಿ. ಕಾದ ಡಾಂಬರು ರಸ್ತೆಯಲ್ಲಿ ನಡೆಯದ ಕುದುರೆಗೆ ಲಾಳ ಬೇಕೇ ಅಂತಲೂ ಅವರನ್ನೇ ಕೇಳಿ.

ದಿನಾ ಗೊರಸಿನ ತಳ ಕೆರೆದು ನೋಡಿ. ನಡುವಿನ ಮೆತ್ತನೆ ತ್ರಿಕೋನದ ಪಕ್ಕದ ಸೀಳಿನಲ್ಲಿ ಕಪ್ಪು ಕೆಸರು, ಕೊಳೆತ ನಾತ ಇದ್ದರೆ ನಿಂತ ಜಾಗ ಒದ್ದೆ ಇದೆ ಅಂತ ಅರ್ಥ. ಕುದುರೆ ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದೆ ಹಾಕಿ ನಿಂತು, ಗೊರಸು ಬಿಸಿಯಾಗಿದ್ದರೆ ಅದು ತುರ್ತು. ಕಾಳಿನ ಮೂಟೆಗೆ ಬಾಯಿ ಹಾಕಿ ಒಂದೆರಡು ದಿನದಲ್ಲಿ ಹೀಗಾಗುವುದು ಸಾಮಾನ್ಯ. ನಡೆಸಬೇಡಿ, ಗೊರಸನ್ನು ಮಂಜುಗಡ್ಡೆ ನೀರಿನಲ್ಲಿ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ.

ಕೊಳ್ಳುವಾಗ ಸುಳಿ ನೋಡಬೇಕಾ?

ನೋಡುವವರು ನೋಡಲಿ. ನಾನು ಮೊದಲು ಕಾಲು ನೋಡುತ್ತೇನೆ, ಆಮೇಲೆ ಬಾಯಿ. ಗಟ್ಟಿ ನೆಲದ ಮೇಲೆ ಓಡಿಸಿ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಹಲ್ಲಿನಿಂದ ವಯಸ್ಸು ಅಂದಾಜಾಗುತ್ತದೆ, ಐದು ವರ್ಷಕ್ಕೆ ಮುಂದಿನ ಹಾಲುಹಲ್ಲೆಲ್ಲ ಬಿದ್ದು ಹೊಸದು ಬಂದಿರುತ್ತವೆ. ತುಟಿ ಎರಡು ಕಡೆ ಹರಿದು ಗಾಯವಾಗಿದ್ದರೆ ಬಾಯಿ ಕೆಟ್ಟ ಕುದುರೆ, ಪಳಗಿಸಿದವರ ಕೈ ಒರಟು.

ತಳಿ ಯಾವುದಿರಲಿ ಅಂತ ಕೇಳಿದರೆ, ಎತ್ತರದ ಮಾರ್ವಾಡಿ ನೋಡಲು ಚೆಂದ. ಆದರೆ ನಮ್ಮ ಭೀಮೆಯ ದಂಡೆಯ ಹೆಸರೇ ಹೊತ್ತ ಭೀಮಥಡಿ ಇದೆ. ಮರಾಠಾ ದಂಡು ಏರಿದ್ದ, ಗಿಡ್ಡ, ಗಟ್ಟಿಗೊರಸಿನ ಕುದುರೆ. ಈಗ ದೇಶದ ನೋಂದಾಯಿತ ತಳಿಗಳಲ್ಲಿ ಅದೂ ಒಂದು. ಕುರಿಗಾರರು ಹೇರು ಹೊರಿಸಿಕೊಂಡು ಬಯಲಿನಲ್ಲಿ ಕರೆದೊಯ್ಯುವುದನ್ನು ನೀವು ಕಂಡಿರುತ್ತೀರಿ. ಈ ಬಿಸಿಲು, ಈ ಒಣಮೇವು ಅದಕ್ಕೆ ಹೊಸದಲ್ಲ. ನನ್ನ ಮತ ಅದಕ್ಕೇ.

ದೃಷ್ಟಿ ತಾಗದಂತೆ ಕಾಲಿಗೆ ಕಪ್ಪು ದಾರ ಕಟ್ಟಬಹುದಾ?

ಕಟ್ಟಿ, ಯಾರು ಬೇಡ ಅಂದರು. ನೈಲಾನ್ ಬೇಡ, ಉಣ್ಣೆಯದಿರಲಿ, ಎಳೆದರೆ ತುಂಡಾಗುವಂಥದ್ದು. ಎರಡು ಬೆರಳು ಸಲೀಸಾಗಿ ಹಿಡಿಸಬೇಕು. ಮಳೆಯಲ್ಲಿ ನೆನೆದರೆ ಬಿಚ್ಚಿ ಒಣಗಿಸಿ, ಕೆಳಗೆ ಚರ್ಮ ಕೆಂಪಾಗಿದೆಯೇ ನೋಡಿ.